ಸ್ಟೆಂಟ್ ಹಾಕಿಸಿದ ಮೇಲೂ ಎದೆನೋವೇ? ಮುಚ್ಚಿಡಬೇಡಿ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡ ಹಿರಿಯರು ಕಾಣಸಿಗುವುದು ಈಗ ಅಪರೂಪವಲ್ಲ. 'ಬ್ಲಾಕ್ ತೆಗೆಸಿ ಆಯಿತು, ಇನ್ನು ಚಿಂತೆಯಿಲ್ಲ' ಎಂದು ಅವರು ಧೈರ್ಯದಿಂದ ಹೇಳುವುದುಂಟು. ಆದರೆ ಕೆಲವು ತಿಂಗಳ ಬಳಿಕ ರೈಲ್ವೇ ಸೇತುವೆಯ ಮೆಟ್ಟಿಲು ಹತ್ತುವಾಗ ಎದೆ ಮತ್ತೆ ಹಿಡಿದಂತಾದರೆ ಹಲವರು ಬಾಯಿ ಬಿಡುವುದಿಲ್ಲ. ಅಷ್ಟೊಂದು ಖರ್ಚಾಗಿದೆ, ಮತ್ತೆ ಮಕ್ಕಳಿಗೇಕೆ ತೊಂದರೆ ಎಂಬ ಸಂಕೋಚ. ಈ ಮೌನವೇ ಅಪಾಯಕಾರಿ.

1977ರಲ್ಲಿ ಜ್ಯೂರಿಕ್‌ನಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು ಹೃದಯದ ರಕ್ತನಾಳವನ್ನು ಮೊದಲ ಬಾರಿ ಬಲೂನಿನಿಂದ ಹಿಗ್ಗಿಸಿದರು. ಹಿಗ್ಗಿಸಿದ ನಾಳ ಮತ್ತೆ ಕಿರಿದಾಗುತ್ತಿತ್ತು. ಆದ್ದರಿಂದ 1986ರಲ್ಲಿ ಲೋಹದ ಸ್ಟೆಂಟ್, ಬಳಿಕ ಔಷಧ ಲೇಪಿತ ಸ್ಟೆಂಟ್ ಬಂದವು. ತೊಂದರೆ ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸ್ಟೆಂಟ್ ಹಾಕಿದ ಜಾಗದಲ್ಲೇ ಒಳಪದರ ಬೆಳೆದು ನಾಳ ಕಿರಿದಾಗಬಹುದು. ಬೇರೆ ಜಾಗದಲ್ಲಿ ಹೊಸ ಬ್ಲಾಕ್ ಆಗಬಹುದು. ಆಂಜಿಯೋಗ್ರಾಮ್‌ನಲ್ಲಿ ಕಾಣದ ಅತಿಸಣ್ಣ ನಾಳಗಳಲ್ಲಿ ದೋಷವಿರಬಹುದು. ಆಸಿಡಿಟಿ, ಸ್ನಾಯು ನೋವು ಕೂಡ ಕಾರಣವಾಗಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ.

ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ 'ಆರ್ಬಿಟಾ-2' ಅಧ್ಯಯನದಲ್ಲಿ, ಎದೆನೋವಿನ ಮಾತ್ರೆ ನಿಲ್ಲಿಸಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ 12 ವಾರಗಳ ಬಳಿಕ ನೋವಿನಿಂದ ಪೂರ್ತಿ ಮುಕ್ತರಾದವರು ಸುಮಾರು ಶೇ. 40. ಸ್ಟೆಂಟ್ ಹಾಕದೆ ಹಾಕಿದಂತೆ ಮಾಡಿದವರಲ್ಲಿ ಇದು ಶೇ. 15. ಅಂದರೆ ಸ್ಟೆಂಟಿನಿಂದ ಪ್ರಯೋಜನವಿದೆ ನಿಜ, ಆದರೆ ನೋವು ಉಳಿದವರು ನೀವೊಬ್ಬರೇ ಅಲ್ಲ. ನೋವು ಬಂದ ಮಾತ್ರಕ್ಕೆ ಚಿಕಿತ್ಸೆ ವ್ಯರ್ಥವಾಯಿತೆಂದಾಗಲಿ, ಮತ್ತೊಂದು ಸ್ಟೆಂಟ್ ಬೇಕೇ ಬೇಕೆಂದಾಗಲಿ ಅರ್ಥವಲ್ಲ. ಮಾತ್ರೆ ಬದಲಿಸಿಯೂ ಎಷ್ಟೋ ಮಂದಿಗೆ ಗುಣ ಕಂಡಿದೆ.

ಬಹುಮುಖ್ಯ ಮಾತೊಂದಿದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್‌ನಂತಹ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳು ಒಟ್ಟಿಗೆ ಸೇವಿಸಬೇಕಾಗುತ್ತದೆ. ಬಳಿಕವೂ ಒಂದು ಮುಂದುವರಿಯುತ್ತದೆ. ಹಲ್ಲು ಕೀಳಿಸಲಿಕ್ಕಿದೆಯೆಂದು ನಾವಾಗಿಯೇ ನಿಲ್ಲಿಸುವುದು, ಊರಿನ ನೇಮ, ಮದುವೆಗೆ ಹೋದಾಗ ಮಾತ್ರೆ ಮುಗಿದು ನಾಲ್ಕು ದಿನ ಬಿಡುವುದು ಸಲ್ಲದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಹಠಾತ್ ಹೃದಯಾಘಾತವಾಗಬಹುದು. ಊರಿಗೆ ಹೊರಡುವಾಗ ಹತ್ತು ದಿನದ ಮಾತ್ರೆ ಹೆಚ್ಚೇ ಇರಲಿ. ಡಿಸ್ಚಾರ್ಜ್ ಕಾರ್ಡ್, ಆಂಜಿಯೋಗ್ರಾಮ್ ಸಿಡಿಯ ಫೈಲ್ ಎಲ್ಲಿದೆಯೆಂದು ಮನೆಯವರಿಗೂ ಗೊತ್ತಿರಲಿ.

ನೋವು ಬಂದಾಗ ತಾರೀಕು, ಸಮಯ, ಏನು ಮಾಡುತ್ತಿದ್ದಿರಿ, ಎಷ್ಟು ನಿಮಿಷ ಇತ್ತು, ಯಾವುದರಿಂದ ಕಡಿಮೆಯಾಯಿತು ಎಂಬುದನ್ನು ಪಾಸ್‌ಬುಕ್ಕಿನಂತೆ ಬರೆದಿಡಿ. ವೈದ್ಯರಿಗೆ ಇದರಷ್ಟು ಸಹಾಯ ಬೇರೆಯಿಲ್ಲ. ನಡೆದಾಗ ಬಂದು ನಿಂತಾಗ ಹೋಗುವ ನೋವಿದ್ದರೆ ಅದೇ ವಾರ ವೈದ್ಯರನ್ನು ಕಾಣಿರಿ. ಸುಮ್ಮನೆ ಕುಳಿತಾಗ ಬಂದರೆ, ನಿಂತರೂ ಇಳಿಯದಿದ್ದರೆ, ಬೆವರು, ಉಸಿರುಕಟ್ಟು ಇದ್ದರೆ, ತೋಳು-ದವಡೆಗೆ ಹರಡಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಲೋಕಲ್ ಟ್ರೈನ್ ಹಿಡಿಯುವ, ಸ್ವತಃ ಗಾಡಿ ಓಡಿಸುವ ಸಾಹಸ ಬೇಡ. ವೈದ್ಯರು ಸೊರ್ಬಿಟ್ರೇಟ್ ಕೊಟ್ಟಿದ್ದರೆ ಕುಳಿತುಕೊಂಡೇ ನಾಲಿಗೆಯಡಿ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯವರಲ್ಲಿ, ಮಹಿಳೆಯರಲ್ಲಿ ನೋವಿಲ್ಲದೆ ಬರೇ ಏದುಸಿರು, ಸುಸ್ತು ಕಾಣಿಸಬಹುದೆಂಬುದು ನೆನಪಿರಲಿ.

ನಮ್ಮ ಸಂಘಗಳು ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ನಡೆಸುತ್ತಿರುವುದು ಶ್ಲಾಘನೀಯ. ಜತೆಗೆ, ಸ್ಟೆಂಟ್ ಹಾಕಿಸಿಕೊಂಡ ಬಂಧುಗಳನ್ನು ಕರೆದು 'ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ? ನೋವು ಮತ್ತೆ ಬಂದಿದೆಯೇ?' ಎಂದು ವಿಚಾರಿಸುವ ವ್ಯವಸ್ಥೆಯಾದರೆ ಎಷ್ಟೋ ಮನೆಗಳ ದೀಪ ಆರದೆ ಉಳಿದೀತು.