ನವಿಲುತೀರ್ಥದ ದಾರಿಯಲ್ಲಿ ತಳವಿಲ್ಲದ ಡಬ್ಬಿ

ಸವದತ್ತಿಯಿಂದ ನವಿಲುತೀರ್ಥದ ಅಣೆಕಟ್ಟೆಗೆ ಹೋಗುವ ದಾರಿ. ಗೋವಿನಜೋಳದ ತೆನೆ ಸುಡುವ ಗಾಡಿ ಕಂಡು ನಿಂತವನಿಗೆ ತೆನೆಯೇ ಮರೆತುಹೋಯಿತು. ಶೆಗಡಿಯ ಮೇಲೊಂದು 15 ಕೆಜಿಯ ಹಳೇ ಎಣ್ಣೆ ಡಬ್ಬಿ ಕೂತಿತ್ತು. ಗಾಡಿಯವನು ಅದರ ತಳ ಕತ್ತರಿಸಿ, ಗೇಣು ಎತ್ತರದಲ್ಲಿ ಸರಳು ತೂರಿಸಿ ಜಾಳಿಗೆ ಮಾಡಿದ್ದ. ಕೆಳಗಡೆ ಸುತ್ತಲೂ ಮೊಳೆ ಹೊಡೆದ ತೂತು. ಜಾಳಿಗೆಯ ಮೇಲೆ ಇದ್ದಿಲು. ಅಡಿಯಲ್ಲಿ ಕಾಳು ಬಿಡಿಸಿದ ಒಣ ದಿಂಡು, ಜೊತೆಗೆ ಶೇಂಗಾ ಎಣ್ಣೆ ಸವರಿದ ಹಳೇ ಪೇಪರ್. ಕಡ್ಡಿ ಗೀರಿದ್ದು ಒಂದೇ.

“ಊದೂದಿಲ್ಲೇನ್ರಿ?” ಎಂದೆ.

“ಯಾಕ್ ಊದಬೇಕ್ರಿ, ತಾನ ಎಳಕೊಳ್ತೈತಿ” ಅಂದವನೇ ತೆನೆ ಸುಲಿಯಲು ಕೂತ.

ಎಳೆದುಕೊಳ್ಳುವುದು ಗಾಳಿಯನ್ನು. ಬಿಸಿಗಾಳಿ ಡಬ್ಬಿಯ ಬಾಯಿಂದ ಮೇಲೇಳುತ್ತಿದ್ದಂತೆ ಕೆಳಗಿನ ತೂತುಗಳಿಂದ ಹೊಸ ಗಾಳಿ ನುಗ್ಗುತ್ತದೆ. ಒತ್ತೊತ್ತಾಗಿ ಕೂತ ಇದ್ದಿಲು ಒಂದರ ಕಾವನ್ನು ಇನ್ನೊಂದಕ್ಕೆ ದಾಟಿಸುತ್ತದೆ. 15–20 ನಿಮಿಷಕ್ಕೆ ಮೇಲಿನ ತುಂಡುಗಳಿಗೂ ಬೂದಿಯ ತೆಳು ಪದರ ಬಂತೆಂದರೆ ಡಬ್ಬಿ ಎತ್ತಿ, ಕೆಂಡ ಹರವಬಹುದು. ಎತ್ತುವವರ ಕೈಗೆ ದಪ್ಪ ಬಟ್ಟೆ ಬೇಕು, ಅಷ್ಟೇ. ಪೇಟೆಯಲ್ಲಿ ಇದೇ ಸಾಧನವನ್ನು ಹಿಡಿಕೆ ಹಚ್ಚಿ, ಬಣ್ಣ ಬಳಿದು, ಬಾರ್ಬೆಕ್ಯೂ ಸಾಮಾನಿನ ಸಾಲಿನಲ್ಲಿಟ್ಟು ಮಾರುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಶೇಂಗಾ ಎಣ್ಣೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದರೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಡ್ಡಿ ತಾಗುವ ಮೊದಲೇ ಆ ಆವಿ ನಮ್ಮ ಕಾಲ ಸುತ್ತ ಹರಡಿರುತ್ತದೆ. ಚಿಮಣಿ ಎಣ್ಣೆಗೆ 40 ಡಿಗ್ರಿಯ ಆಸುಪಾಸು ಸಾಕು, ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನ. ಶೇಂಗಾ ಎಣ್ಣೆಗೋ 250 ಡಿಗ್ರಿ ದಾಟಬೇಕು. ಹಾಗಾಗಿ ಅದು ಭಗ್ಗೆನ್ನುವುದಿಲ್ಲ. ಕಾಗದವನ್ನೇ ಬತ್ತಿ ಮಾಡಿಕೊಂಡು, ದೇವರ ಮುಂದಿನ ದೀಪದಂತೆ ನಿಧಾನ ಉರಿಯುತ್ತದೆ. ಕಾಗದವೊಂದೇ ಆದರೆ ಕ್ಷಣದಲ್ಲಿ ಬೂದಿ. ಕೆಂಡ ಮಂಕಾಯಿತೆಂದು ಮೇಲಿಂದ ಪೆಟ್ರೋಲು, ಚಿಮಣಿ ಎಣ್ಣೆ ಸುರಿಯುವವರನ್ನು ಕಂಡರೆ ನಾನಂತೂ ದೂರ ಸರಿಯುತ್ತೇನೆ. ಉರಿ ಧಾರೆ ಹಿಡಿದು ಬಾಟಲಿಗೇ ಏರುತ್ತದೆ.

ಇದ್ದಿಲಿನ ಉಳಿದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕಿತ್ತೂರು, ಬೈಲಹೊಂಗಲದ ಕಡೆ ರಸ್ತೆ ಬದಿ ಬಿಡಾರ ಹೂಡುವ ಘಿಸಾಡಿ ಕಮ್ಮಾರರು ತಿದಿ ಬಿಟ್ಟು ಕೈಯಲ್ಲಿ ತಿರುಗಿಸುವ ಪಂಖಾ ಹಿಡಿದು ಬಹಳ ಕಾಲವಾಯಿತು. ಕಬ್ಬಿಣ ಕಾಯಿಸಲು ಅಷ್ಟು ಗಾಳಿ ಬೇಕೇ ಬೇಕು, ತೆನೆಗೆ ಬೇಡ. ಗ್ಯಾಸ್ ಬಂದ ಮೇಲೆ ಶೆಗಡಿ ಅಟ್ಟ ಸೇರಿತು. ಅಮೆರಿಕದಲ್ಲಿ 1920ರ ದಶಕದಲ್ಲಿ ಹೆನ್ರಿ ಫೋರ್ಡ್ ಕಾರಿನ ಕಟ್ಟಿಗೆಯ ಚೂರನ್ನು ಇದ್ದಿಲ ಬಿಲ್ಲೆ ಮಾಡಿ ಮಾರಿದ. ಆ ಬಿಲ್ಲೆಗಳೀಗ ನಮ್ಮ ರೆಸಾರ್ಟುಗಳಿಗೂ ಬಂದಿವೆ.

ಆದರೆ ರಾಮದುರ್ಗದ ಎರೆಹೊಲದಲ್ಲಿ ಸೀತನಿ ತಿಂದವರಿಗೆ ಬಿಲ್ಲೆಯ ಹಂಗೇಕೆ? ಸಣ್ಣ ಗುಂಡಿ ತೋಡಿ, ನಡುವೆ ಸಂದು ಬಿಟ್ಟು ಕುಳ್ಳು ಒಟ್ಟಿ, ಹೊಗೆ ಪೂರಾ ಸತ್ತ ಮೇಲೆಯೇ ಹಾಲುಗಾಳಿನ ಜೋಳದ ತೆನೆ ಕೆಂಡಕ್ಕೆ ತೂರಿಸುವುದು. ಹೊಗೆಯಿರುವಾಗಲೇ ಆತುರಪಟ್ಟರೆ ಬೆಲ್ಲ, ಶೇಂಗಾ ಚಟ್ನಿ ಏನು ಹಚ್ಚಿದರೂ ಬಾಯಿಗೆ ಹೊಗೆಯೇ. ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಒಣ ಕಣಕಿ, ಕಬ್ಬಿನ ರವದಿ ಹತ್ತಿರ ಇರಬಾರದು.

ಹೊಗೆ ಹೋಯಿತೆಂದು ಚಳಿಗೆ ಆ ಕೆಂಡವನ್ನೇ ಕೋಣೆಗೆ ಒಯ್ದು ಬಾಗಿಲು ಹಾಕಿ ಮಲಗುವವರಿದ್ದಾರೆ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಿಟಕಿ ಒಂದಿಷ್ಟು ತೆರೆದಿದೆ ಎಂಬ ಧೈರ್ಯವೂ ಸಲ್ಲದು. ಇದ್ದಿಲು ಬಯಲಿನ ವಸ್ತು.

ನಮ್ಮ ಅಜ್ಜಿಯರು ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು, ಬೆಳಗ್ಗೆ ಅದರಿಂದಲೇ ಒಲೆ ಹೊತ್ತಿಸುತ್ತಿದ್ದರು. ಅದೇ ಗುಣದಿಂದಾಗಿ ರೆಸಾರ್ಟಿನವರು ಬೆಳಗ್ಗೆ ಕಸದ ಬುಟ್ಟಿಗೆ ಸುರಿದ “ತಣ್ಣನೆಯ” ಬೂದಿ ಮಧ್ಯಾಹ್ನ ಹೊಗೆಯಾಡುತ್ತದೆ. ನೀರು ಹಾಕಿ, ಕೆದಕಿ, ಮತ್ತೆ ಹಾಕಬೇಕು. ಗಾಡಿಯವನದು ಇನ್ನೂ ಜಾಣ ಲೆಕ್ಕ: ಉಳಿದ ಕೆಂಡವನ್ನು ತೂತಿಲ್ಲದ ಇನ್ನೊಂದು ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚುತ್ತಾನೆ. ಗಾಳಿಯಿಲ್ಲದೆ ಆರಿದ ಆ ಇದ್ದಿಲು ಮರುದಿನ ಹೊಸದಕ್ಕಿಂತ ಬೇಗ ಹೊತ್ತುತ್ತದಂತೆ.