ಮಂಗನ ಕಾಯಿಲೆ: ಕಾಡಿಗೆ ಹೋಗುವವರಿಗೆ ಉಣುಗಿನಿಂದ ರಕ್ಷಣೆ ಹೇಗೆ?

ಮಳೆಗಾಲ ಮುಗಿದು ನೆಲ ಒಣಗುತ್ತಿದ್ದಂತೆ ಮಲೆನಾಡಿನ ಕಾಡಂಚಿನ ಊರುಗಳಲ್ಲಿ ಎರಡು ಸಂಗತಿಗಳು ಒಟ್ಟಿಗೇ ಆರಂಭವಾಗುತ್ತವೆ. ಒಂದು, ಕೊಟ್ಟಿಗೆಗೆ ಮತ್ತು ಅಡಿಕೆ ತೋಟಕ್ಕೆ ತರಗೆಲೆ ಗುಡಿಸಿ ತರುವ ಕೆಲಸ. ಇನ್ನೊಂದು, ಅದೇ ತರಗೆಲೆಯ ನಡುವೆ ಬೆಳೆಯುವ ಉಣುಗುಗಳ ಹಾವಳಿ. ಕ್ಯಾಸನೂರು ಕಾಡಿನ ಕಾಯಿಲೆ ಅಥವಾ ಮಂಗನ ಕಾಯಿಲೆ ಪ್ರತಿವರ್ಷ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚಾಗಿ ಕಾಣಿಸಿಕೊಳ್ಳಲು ಈ ಎರಡರ ಭೇಟಿಯೇ ಮುಖ್ಯ ಕಾರಣ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗಕಾರಕ ವೈರಾಣುವನ್ನು ಪತ್ತೆ ಮಾಡಿದರು. ದಶಕಗಳ ಕಾಲ ಮಲೆನಾಡು ಮತ್ತು ಅದರ ಸುತ್ತಮುತ್ತಲಿನ ಜಿಲ್ಲೆಗಳಿಗೆ ಸೀಮಿತವಾಗಿದ್ದ ರೋಗ 2012ರ ನಂತರ ಬಂಡೀಪುರ, ಕೇರಳದ ವಯನಾಡು, ಗೋವಾ ಹಾಗೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಬಲಿ ಪಡೆಯಿತು. ಪಶ್ಚಿಮಘಟ್ಟದ ಕಾಡಿಗೆ ಚಾರಣಕ್ಕೋ ಹೋಮ್‌ಸ್ಟೇಗೋ ಹೋಗುವ ನಗರವಾಸಿಗಳೂ ಇದನ್ನು ಅರಿತಿರಬೇಕಾದುದು ಅಗತ್ಯ.

ಹರಡುವುದು ಹೇಗೆ?

ಉಣುಗು ಅಥವಾ ಉಣ್ಣೆ ಎಂದು ಕರೆಯುವ ಈ ಜೀವಿ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ಅಥವಾ ಎಲೆಯ ತುದಿಗೆ ಹತ್ತಿ ಕಾಲು ಚಾಚಿ ಕಾಯುತ್ತದೆ. ತಾಗಿಕೊಂಡು ಹೋಗುವ ಪ್ರಾಣಿ ಅಥವಾ ಮನುಷ್ಯನ ಮೈಗೆ ಅಂಟಿಕೊಳ್ಳುತ್ತದೆ. ಮರಿ ಉಣುಗುಗಳು ಇಲಿ, ಅಳಿಲು, ಹಕ್ಕಿಗಳ ರಕ್ತ ಹೀರಿ ಬೆಳೆಯುತ್ತವೆ. ಬೆಳೆದ ಉಣುಗುಗಳಿಗೆ ದನಕರುಗಳೇ ಆಸರೆ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಇವೆರಡರ ನಡುವಿನ ಹಂತದ ಎಳೆಯ ಉಣುಗು. ಅದು ಎಳ್ಳಿನ ಕಾಳಿಗಿಂತಲೂ ಚಿಕ್ಕದು. ಕಚ್ಚಿದಾಗ ನೋವಾಗದ ಕಾರಣ ಎಷ್ಟೋ ಮಂದಿಗೆ ಅದು ತಿಳಿಯುವುದೇ ಇಲ್ಲ.

ಮುಸಿಯ ಮತ್ತು ಕೋತಿಗಳಿಗೂ ಈ ವೈರಾಣು ಮಾರಕ. ಮಂಗ ಸತ್ತೊಡನೆ ಅದರ ಮೈಮೇಲಿನ ಸೋಂಕಿತ ಉಣುಗುಗಳು ಕೆಳಗೆ ಉದುರಿ ಸುತ್ತಲ ನೆಲದಲ್ಲಿ ಸೇರಿಕೊಳ್ಳುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಕೂಡಲೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಸಿಬ್ಬಂದಿ ಆ ಜಾಗಕ್ಕೆ ಮೆಲಾಥಿಯಾನ್ ಪುಡಿ ಸಿಂಪಡಿಸುತ್ತಾರೆ. ರೋಗಿಯಿಂದ ಇನ್ನೊಬ್ಬರಿಗೆ ಈ ರೋಗ ಹರಡುವುದಿಲ್ಲ. ರೋಗಿಯನ್ನು ದೂರವಿಡುವುದು ಅನಗತ್ಯ.

ಲಸಿಕೆಯ ಸ್ಥಿತಿ

1990ರಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಯ ಪರಿಣಾಮ ಕಾಲಕ್ರಮೇಣ ಕುಗ್ಗಿತು. 2005ರಿಂದ 2010ರ ಅವಧಿಯ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ 83ರಷ್ಟು ರಕ್ಷಣೆ ಕಂಡುಬಂದಿತ್ತು. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾದ ನೋವಿನ ಲಸಿಕೆಯಾದ್ದರಿಂದ ಎಲ್ಲ ಡೋಸ್ ಪೂರೈಸಿದವರು ಕಡಿಮೆ. 2022ರಲ್ಲಿ ಅದರ ಬಳಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಹೊಸ ಲಸಿಕೆಯ ಅಭಿವೃದ್ಧಿಯನ್ನು ಕೈಗೆತ್ತಿಕೊಂಡಿದೆ. ಅದು ಹಳ್ಳಿಯ ಆರೋಗ್ಯ ಕೇಂದ್ರ ತಲುಪುವವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೊಂದೇ ದಾರಿ.

ಕಾಡಿಗೆ ಹೋಗುವ ಮುನ್ನ

* ಮೈತುಂಬ ಬಟ್ಟೆ ಧರಿಸಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ ಉಣುಗು ಬೇಗ ಕಣ್ಣಿಗೆ ಬೀಳುತ್ತದೆ.
* ಕೈ, ಕಾಲು, ಕುತ್ತಿಗೆಗೆ ಉಣುಗು ವಿಕರ್ಷಕ ತೈಲ ಹಚ್ಚಿಕೊಳ್ಳಿ. ಹಿಂದೆ ಡಿಎಂಪಿ ತೈಲ ವಿತರಿಸಲಾಗುತ್ತಿತ್ತು. ನಂತರ ರಕ್ಷಣಾ ಸಂಶೋಧನಾ ಸಂಸ್ಥೆ (ಡಿಆರ್‌ಡಿಒ) ಅಭಿವೃದ್ಧಿಪಡಿಸಿದ ಡೆಪಾ ತೈಲವನ್ನು ಆರೋಗ್ಯ ಇಲಾಖೆ ಬಾಧಿತ ಗ್ರಾಮಗಳಲ್ಲಿ ಹಂಚಿದೆ. ಕಣ್ಣು, ಬಾಯಿ, ಗಾಯಗಳಿಗೆ ಇದು ತಾಗಬಾರದು.
* ತೈಲದ ಪರಿಣಾಮ ಕೆಲವು ಗಂಟೆಗಳು ಮಾತ್ರ. ಬೆವರು ಸುರಿಯುವ ಕೆಲಸದಲ್ಲಿ ಇನ್ನೂ ಬೇಗ ಇಳಿಯುತ್ತದೆ. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೆ ಕಾಯುತ್ತದೆಂದು ನಂಬಬೇಡಿ.
* ತರಗೆಲೆಯ ಮೇಲೆ ನೇರವಾಗಿ ಕೂರಬೇಡಿ, ಮಲಗಬೇಡಿ. ಮನೆಯಂಗಳದಲ್ಲಿ ತರಗೆಲೆ ರಾಶಿ ಹಾಕಬೇಡಿ.

ತೈಲದ ಜಿಡ್ಡು ಮತ್ತು ವಾಸನೆಗೆ ಬೇಸತ್ತು ಅದನ್ನು ಹಚ್ಚದವರೂ ಇದ್ದಾರೆ. ಕಚ್ಚಿದ ಉಣುಗು ನೋಯಿಸುವುದಿಲ್ಲ, ತೈಲ ಮಾತ್ರ ಕಿರಿಕಿರಿ ಮಾಡುತ್ತದೆ. ಈ ಲೆಕ್ಕಾಚಾರದಲ್ಲಿ ಎಡವುವುದು ಸುಲಭ. ತರಗೆಲೆ ಹೊರುವ ಕೂಲಿಕಾರರಿಗೆ ತೈಲ ಕೊಡಿಸಿ, ಹಚ್ಚಿಕೊಳ್ಳಲು ಬಿಡುವು ನೀಡುವುದು ತೋಟದ ಮಾಲೀಕರ ಹೊಣೆಯೂ ಹೌದು.

ಮನೆಗೆ ಮರಳಿದ ಮೇಲೆ

ತೊಟ್ಟ ಬಟ್ಟೆಯನ್ನು ಒಳಗೆ ಒಯ್ಯದೆ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಕಿವಿಯ ಹಿಂಭಾಗ, ಕಂಕುಳು, ಸೊಂಟ, ತೊಡೆಸಂದು, ಮೊಣಕಾಲಿನ ಹಿಂಬದಿಯನ್ನು ಪರೀಕ್ಷಿಸಿ. ಮಕ್ಕಳಿಗೆ ದೊಡ್ಡವರೇ ನೋಡಬೇಕು.

ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಸಮೀಪ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಬೇಡ. ಆ ಜಾಗವನ್ನೂ ಕೈಗಳನ್ನೂ ಸೋಪಿನಿಂದ ತೊಳೆಯಿರಿ.

ಜ್ವರ ಬಂದರೆ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಾಣಿಸಬಹುದು. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಜ್ವರ ಇಳಿದು ಒಂದೆರಡು ವಾರಗಳ ಬಳಿಕ ಕೆಲವರಲ್ಲಿ ಅದು ಮರುಕಳಿಸಿ ಮಿದುಳಿಗೆ ತೊಂದರೆಯಾಗುವುದುಂಟು. ಒಮ್ಮೆ ಗುಣವಾಯಿತೆಂದು ನಿರ್ಲಕ್ಷಿಸುವಂತಿಲ್ಲ. ಸೋಂಕಿತರಲ್ಲಿ ಸಾವಿನ ಪ್ರಮಾಣ ಸುಮಾರು ಶೇ 3ರಿಂದ 5.

ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ದೇಹದ ನೀರಿನಂಶ, ರಕ್ತಸ್ರಾವಗಳ ಮೇಲೆ ನಿಗಾ ಇಟ್ಟು ಜೀವ ಉಳಿಸಬಹುದು. ರಕ್ತಸ್ರಾವ ಹೆಚ್ಚಿಸಬಲ್ಲ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ಮಾತ್ರೆಗಳನ್ನು ತಾವೇ ತೆಗೆದುಕೊಳ್ಳಬಾರದು. ಕಾಡಿನ ನುಸಿಗಳಿಂದ ಬರುವ ಸ್ಕ್ರಬ್ ಟೈಫಸ್ ಜ್ವರವೂ ಹೀಗೆಯೇ ಶುರುವಾಗುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಪರಿಣಾಮಕಾರಿ ಔಷಧವಿದೆ. ಯಾವುದೆಂದು ತಿಳಿಯಲು ರಕ್ತಪರೀಕ್ಷೆಯೇ ಬೇಕು.

ಚಾರಣ ಮುಗಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದವರಿಗೆ ವಾರದೊಳಗೆ ಜ್ವರ ಬಂದರೆ, ಅಲ್ಲಿನ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ತಾವು ಯಾವ ಕಾಡಿಗೆ, ಯಾವ ದಿನ ಹೋಗಿದ್ದೆವು ಎಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸುವುದು ಒಳಿತು.