ಕುದುರೆಮುಖ ಜೆರಾಕ್ಸ್ ಅಂಗಡಿಗೆ ಬಂದ ಬಗೆ

ಸರ್ವೆ ಆಫ್ ಇಂಡಿಯಾದ ಹಳೆಯ ಲೆಕ್ಕದಲ್ಲಿ ಕುದುರೆಮುಖ ಶಿಖರ ಇರುವುದು 48 ಓ/8 ಸಂಖ್ಯೆಯ ಟೋಪೋಶೀಟ್‌ನಲ್ಲಿ. ದಶಕಗಳ ಕಾಲ ಅದು ಚಾರಣಿಗರ ಕೈಗೆ ಸುಲಭವಾಗಿ ಸಿಗುವ ಹಾಳೆಯಾಗಿರಲಿಲ್ಲ. ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿ.ಮೀ. ಒಳಗಿನ ನಕ್ಷೆಗಳಿಗೆ ನಿರ್ಬಂಧವಿತ್ತು. ಸಮುದ್ರದಿಂದ ಐವತ್ತು ಚಿಲ್ಲರೆ ಕಿ.ಮೀ. ದೂರದ ಕುದುರೆಮುಖ, ಅದಕ್ಕಿಂತ ಹತ್ತಿರದ ಕೊಡಚಾದ್ರಿ ಎರಡೂ ಆ ಪಟ್ಟಿಯೊಳಗೆ ಬಿದ್ದವು. ಶತ್ರುವಿಗೆಂದು ಹಾಕಿದ ಬೀಗ ತಗುಲಿದ್ದು ಬೆಟ್ಟ ಹತ್ತುವವರಿಗೆ.

ಬೀಗ ಸಡಿಲಾದದ್ದು 2005ರ ರಾಷ್ಟ್ರೀಯ ನಕ್ಷಾ ನೀತಿಯಿಂದ. ಸೇನೆಗೊಂದು ಸರಣಿ, ಜನರಿಗೊಂದು 'ಓಪನ್ ಸೀರೀಸ್' ಎಂದು ನಕ್ಷೆಗಳು ಬೇರೆಯಾದವು. ಜನರ ಸರಣಿಯಲ್ಲಿ ಆಯಕಟ್ಟಿನ ಜಾಗಗಳನ್ನು ಕಾಣಿಸುವುದಿಲ್ಲ. 2017ರಲ್ಲಿ ಇಲಾಖೆಗೆ 250 ವರ್ಷ ತುಂಬಿದಾಗ 'ನಕ್ಷೆ' ಎಂಬ ಪೋರ್ಟಲ್ ಶುರುವಾಯಿತು. 1:50,000 ಪ್ರಮಾಣದ ಹಾಳೆಗಳ ಪಿಡಿಎಫ್ ಪುಕ್ಕಟೆ. ಆಗ ಆಧಾರ್ ಸಂಖ್ಯೆ ಮಾತ್ರ ಕೊಡಬೇಕಿತ್ತು. ಬೆಟ್ಟದ ಚಿತ್ರಕ್ಕೂ ಗುರುತಿನ ಚೀಟಿ!

ಇಳಿಸಿಕೊಳ್ಳುವುದು ಸುಲಭ, ಎಡವಟ್ಟಾಗುವುದು ಪ್ರಿಂಟ್ ಹಾಕಿಸುವಾಗ. ಈ ಪ್ರಮಾಣದಲ್ಲಿ ಒಂದು ಸೆಂ.ಮೀ. ಎಂದರೆ ನೆಲದ ಮೇಲೆ ಅರ್ಧ ಕಿ.ಮೀ. ಹಾಳೆಯೊಂದು ಸುಮಾರು 27 ಕಿ.ಮೀ. ಅಗಲದ ಪ್ರದೇಶವನ್ನು ಹಿಡಿಯುವುದರಿಂದ, ಅಂಚು ಬಿಟ್ಟು ನಕ್ಷೆಯಷ್ಟೇ 54 ಸೆಂ.ಮೀ. ಆಗುತ್ತದೆ. ಅಂಗಡಿಯಾತ 'ಫಿಟ್ ಟು ಪೇಜ್' ಒತ್ತಿ ಅದನ್ನು ಎ4ಗೆ ತುರುಕಿದರೆ ಒಂದು ಸೆಂ.ಮೀ.ಗೆ ಹತ್ತಿರಹತ್ತಿರ ಒಂದೂವರೆ ಕಿ.ಮೀ. ಬಂದು ಕೂರುತ್ತದೆ. ಆದರೂ ಅಂಚಿನಲ್ಲಿ 1:50,000 ಎಂದೇ ಅಚ್ಚಾಗಿರುತ್ತದೆ! ಸ್ಕೇಲು ಇಟ್ಟು ಅಳೆದವನು ಮೂರು ಪಟ್ಟು ಮೋಸಹೋಗುತ್ತಾನೆ. ನಕ್ಷೆಯಲ್ಲೇ ಅಚ್ಚಾಗಿ ಅದರ ಜೊತೆಗೇ ಕುಗ್ಗುವ ಅಳತೆಪಟ್ಟಿಯೊಂದೇ ಆಗ ನಂಬಿಕಸ್ಥ.

20 ಮೀಟರ್ ಎತ್ತರಕ್ಕೊಂದರಂತೆ ಎಳೆದ ಕಂದು ಸಮೋನ್ನತಿ ರೇಖೆಗಳ ಗತಿಯೂ ಅಷ್ಟೇ. ಮೂಲ ಗಾತ್ರದಲ್ಲಿ ಒಂದು ಸೆಂ.ಮೀ.ನೊಳಗೆ ಹತ್ತು ಅಂತರ ದಾಟಿದರೆ ಅರ್ಧ ಕಿ.ಮೀ.ಗೆ 200 ಮೀಟರ್ ಏರು. ಕುಗ್ಗಿದ ಪ್ರತಿಯಲ್ಲಿ ಅವು ಕಲೆಸಿ ಕಂದು ಮಸಿಯಾಗುತ್ತವೆ. ಹೋಗುವ ಭಾಗವನ್ನಷ್ಟೇ ಕತ್ತರಿಸಿ, ಅಳತೆಪಟ್ಟಿಯನ್ನೂ ಸೇರಿಸಿ, ನೂರಕ್ಕೆ ನೂರು ಗಾತ್ರದಲ್ಲಿ ತೆಗೆಸುವುದು ಜಾಣತನ. ಅದೂ ಲೇಸರ್ ಪ್ರಿಂಟ್. ಇಂಕ್‌ಜೆಟ್‌ನ ಬಣ್ಣ ಮಲೆನಾಡಿನ ಮಳೆಗೆ ನಿಲ್ಲದು.

ಕಾಲುದಾರಿಗಳ ವಿಷಯದಲ್ಲಿ ಸರ್ಕಾರಿ ಹಾಳೆ ಹಿಂದೆ ಬೀಳುತ್ತದೆ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಹುಟ್ಟುಹಾಕಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಡೆದವರೇ ಜಿಪಿಎಸ್ ಜಾಡು ಸೇರಿಸುತ್ತಾರೆ. ಏರಿಳಿತಕ್ಕೆ ಟೋಪೋಶೀಟ್, ದಾರಿಗೆ ಇದು ಎಂದು ಎರಡನ್ನೂ ಒಯ್ಯುವವರಿದ್ದಾರೆ. ಆದರೆ ಜಾಡು ಇದ್ದ ಮಾತ್ರಕ್ಕೆ ಪ್ರವೇಶವಿಲ್ಲ. ಅರಣ್ಯ ಇಲಾಖೆಯ ಅನುಮತಿ ಚೀಟಿಯ ಪ್ರಿಂಟೂ ಅದೇ ಅಂಗಡಿಯಲ್ಲಿ ಆಗಬೇಕು.